ಖಾಲಿ ಪಾತ್ರೆಯ ಚಾಕೊಲೇಟು: ಸೋದರಳಿಯನಿಗೊಂದು ಪತ್ರ

ಚಿರಂಜೀವಿ ವಿನಯನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಪತ್ರ ತಲುಪಿತು. ಮಕ್ಕಳ ಜಾದೂ ಶೋ ಒಪ್ಪಿಕೊಂಡಿದ್ದೀಯ ಅಂತ ಓದಿ ಖುಷಿಯಾಯಿತು. ಕೊನೆಯ ಐಟಂಗೆ ಡವ್ ಪ್ಯಾನ್, ಅಂದರೆ ಮುಚ್ಚಳವಿರುವ ಜಾದೂ ಪಾತ್ರೆ, ಇಟ್ಟುಕೊಂಡಿದ್ದೀಯ. ಖಾಲಿ ಪಾತ್ರೆ ತೋರಿಸೋದು, ಮುಚ್ಚಳ ಮುಚ್ಚಿ ತೆಗೆದರೆ ತುಂಬ ಚಾಕೊಲೇಟು, ಅಲ್ಲೇ ನಿಂತು ಮಕ್ಕಳಿಗೆಲ್ಲ ಹಂಚಿಬಿಡೋದು. ಐಟಂ ಒಳ್ಳೆಯದೇ. ನಿನ್ನ ಪ್ರಶ್ನೆ ಒಂದೇ: ಪಾತ್ರೆಯಲ್ಲಿ ಇನ್ನೂ ಜಾಸ್ತಿ ಚಾಕೊಲೇಟು ಹಿಡಿಸೋದು ಹೇಗೆ?

ಅದಕ್ಕೆ ಉತ್ತರ ಇದೆ, ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ನೀನು ಕೇಳದೇ ಬಿಟ್ಟ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಪತ್ರ ಉದ್ದವಾಗುತ್ತೆ. ಕೂತು ಓದು.

ನನ್ನ ಮಾತು ಇಷ್ಟು. ತಿಂಡಿಯನ್ನು ಪ್ರತ್ಯಕ್ಷ ಮಾಡೋದು ಜಾದೂಗಾರನ ಕೆಲಸ, ತಿನ್ನಿಸೋದು ಅಲ್ಲ. ಮುಚ್ಚಳ ತೆಗೆದಾಗ ಮಕ್ಕಳು 'ಹೋ' ಅಂತಾರಲ್ಲ, ಅಲ್ಲಿಗೆ ನಮ್ಮ ಐಟಂ ಮುಗಿಯಿತು. ಆ ಚಾಕೊಲೇಟು ಯಾರ ಬಾಯಿಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನೋದು ಆ ಮಗುವಿನ ಮನೆಯವರಿಗೆ ಬಿಟ್ಟಿದ್ದು. ಇವೆರಡನ್ನೂ ಒಂದೇ ಅಂದುಕೊಂಡರೆ ತೊಂದರೆ ಶುರು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ಗುರುತಿಲ್ಲದವರು ಏನಾದರೂ ಕೊಟ್ಟರೆ ತಿನ್ನಬೇಡ ಅಂತ ಎಲ್ಲ ತಂದೆತಾಯಿಯೂ ಹೇಳಿಕೊಟ್ಟಿರುತ್ತಾರೆ. ನೀನು ಆ ಮಕ್ಕಳಿಗೆ ಗುರುತಿಲ್ಲದವನೇ. ಆದರೆ ಅರ್ಧ ಗಂಟೆ ನಗಿಸಿದ ಮೇಲೆ ನೀನು ಏನು ಕೊಟ್ಟರೂ ಕಣ್ಣುಮುಚ್ಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಬೇರೆ ಯಾರ ಹತ್ತಿರವಾದರೂ 'ಇದರಲ್ಲಿ ಏನಿದೆ' ಅಂತ ಕೇಳುವ ಮಗು ಕೂಡ ನಿನ್ನ ಹತ್ತಿರ ಕೇಳೋದಿಲ್ಲ. ಅಷ್ಟು ನಂಬಿಕೆ ಬೇರೆ ಯಾವ ಪ್ರೇಕ್ಷಕರಿಂದಲೂ ನಮಗೆ ಸಿಗೋದಿಲ್ಲ ಕಣೋ.

ಈಗ ವಯಸ್ಸಿನ ವಿಚಾರ. ಮೂರು ವರ್ಷದಿಂದ ಎಂಟು ವರ್ಷದ ಮಕ್ಕಳು ಅಂತ ಬರೆದಿದ್ದೀಯ. ಹಾಗಾದರೆ ನೀನು ತಿಂಡಿ ಆರಿಸಬೇಕಾದದ್ದು ಎಂಟು ವರ್ಷದವನಿಗಲ್ಲ, ಮೂರು ವರ್ಷದವಳಿಗೆ. ಅಣ್ಣನಿಗೆ ಕೊಟ್ಟದ್ದು ತಂಗಿಯ ಕೈಗೆ ಹೋಗೋದಕ್ಕೆ ಎಷ್ಟು ಹೊತ್ತು ಬೇಕು, ನೀನೇ ಹೇಳು. ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಯಾವುದೋ, ಅದರ ಲೆಕ್ಕದಲ್ಲೇ ಎಲ್ಲ ಮಾಡು.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಪೆಪ್ಪರ್‌ಮಿಂಟು, ಇಡೀ ಕಡಲೆಕಾಯಿ ಬೀಜ, ಬಾದಾಮಿ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಅಂಟು ಮಿಠಾಯಿ, ಮಾರ್ಷ್‌ಮ್ಯಾಲೋ, ಚ್ಯೂಯಿಂಗ್ ಗಮ್ ಬೇಡವೇ ಬೇಡ. ಉರುಟಾಗಿ ಜಾರುವ ವಸ್ತು ಚಿಕ್ಕ ಗಂಟಲಿಗೆ ಬಿರಟೆಯ ಹಾಗೆ ಸರಿಯಾಗಿ ಕೂತುಬಿಡುತ್ತದೆ, ಗಾಳಿ ಆಡೋದಕ್ಕೆ ಸಂದಿಯೇ ಇರೋದಿಲ್ಲ. ಆ ವಯಸ್ಸಿನಲ್ಲಿ ಅರೆಯುವ ದವಡೆ ಹಲ್ಲು ಎಲ್ಲ ಮಕ್ಕಳಿಗೂ ಪೂರ್ತಿ ಬಂದಿರೋದಿಲ್ಲ, ಅಗಿದು ನುಂಗುವ ಅಭ್ಯಾಸವೂ ಗಟ್ಟಿಯಾಗಿರೋದಿಲ್ಲ. ಅದರ ಮೇಲೆ ನಮ್ಮ ಶೋ ಬೇರೆ. ಮಕ್ಕಳು ನಗುತ್ತಾರೆ, ಕಿರುಚುತ್ತಾರೆ, ಎದ್ದು ಕುಣಿಯುತ್ತಾರೆ. ನಗುವಾಗ ಉಸಿರು ಒಮ್ಮೆಲೇ ಒಳಗೆ ಹೋಗುತ್ತೆ, ಬಾಯಲ್ಲಿರೋದೂ ಜೊತೆಗೆ ಹೋಗುತ್ತೆ. ನಗಿಸೋದೇ ಕೆಲಸವಾದವರು ನಗುವ ಮಗುವಿನ ಬಾಯಿಗೆ ಮಿಠಾಯಿ ಹಾಕಿಸಬಾರದು ಅಲ್ವಾ?

ಲಾಲಿಪಾಪ್ ವಾಸಿ, ಕಡ್ಡಿ ಇರುತ್ತೆ, ಗಂಟಲಿಗೆ ಇಳಿಯೋದಿಲ್ಲ ಅಂತ ಕೆಲವರು ಹೇಳುತ್ತಾರೆ. ಕಡ್ಡಿಯನ್ನು ಬಾಯಲ್ಲಿ ಇಟ್ಟುಕೊಂಡೇ ಓಡುವ ಮಗುವನ್ನು ಅವರು ನೋಡಿಲ್ಲ ಅಂತ ಕಾಣುತ್ತೆ. ಮುಗ್ಗರಿಸಿದರೆ ಕಡ್ಡಿ ಅಂಗುಳಿಗೆ ಚುಚ್ಚುತ್ತದೆ. ಚೀಪಿ ಚೀಪಿ ಗಟ್ಟಿ ಉಂಡೆ ಕಡ್ಡಿಯಿಂದ ಕಳಚಿಕೊಳ್ಳೋದೂ ಉಂಟು.

ಪ್ಯಾಕೆಟ್ಟಿನ ಜೊತೆ ಸಣ್ಣ ಆಟಿಕೆ ಇಡೋಣ ಅಂತಲೂ ಬರೆದಿದ್ದೀಯ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷೆ ಮಾಡೋದಕ್ಕೆ 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಸಿಲಿಂಡರ್ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಆ ವಯಸ್ಸಿಗೆ ಬೇಡ ಅಂತ ಲೆಕ್ಕ. ಆ ಅಳತೆಯಲ್ಲಿ ರಟ್ಟಿನ ಕೊಳವೆ ಮಾಡಿ ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಕೋ. ಆಟಿಕೆಗೆ ಮಾತ್ರ ಅಲ್ಲ, ನಿನ್ನ ಸ್ಪಂಜ್ ಬಾಲು, ನಾಣ್ಯ, ದಾಳ ಎಲ್ಲಕ್ಕೂ ಹಿಡಿದು ನೋಡು. ಎಷ್ಟು ವಸ್ತು ಒಳಗೆ ಬೀಳುತ್ತೆ ಅಂತ ನೋಡಿದರೆ ನಿನಗೇ ಗಾಬರಿಯಾಗುತ್ತೆ. ಆದರೆ ಇದು ಆಟಿಕೆಯ ಅಳತೆ, ತಿಂಡಿಯದಲ್ಲ. ಕೊಳವೆಗೆ ಹಿಡಿಸದ ಮಿಠಾಯಿ ಕಚ್ಚಿದ ಮೇಲೆ ಚಿಕ್ಕದೇ ಆಗುತ್ತೆ.

ಇನ್ನು ಅಲರ್ಜಿ. ಇದನ್ನು ಎರಡು ಸಲ ಓದು.

ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಕಾಯಿ, ಬಾದಾಮಿ ಗೋಡಂಬಿಯಂಥ ಬೀಜಗಳು, ಎಳ್ಳು, ಮೀನು, ಸೀಗಡಿ. ಮಕ್ಕಳಿಗೆ ಜೋರಾಗಿ ಅಲರ್ಜಿ ಮಾಡುವ ತಿಂಡಿಗಳಲ್ಲಿ ಹೆಚ್ಚಿನವು ಇವೇ. ಒಂದು ಸಾಧಾರಣ ಚಾಕೊಲೇಟಿನಲ್ಲೇ ಇವುಗಳಲ್ಲಿ ಎರಡು ಮೂರು ಇರಬಹುದು. ಬೀಜ ಹಾಕದ ಚಾಕೊಲೇಟು ತಂದಿದ್ದೇನೆ ಅಂತ ಧೈರ್ಯ ಮಾಡಬೇಡ. ಅದೇ ಕಾರ್ಖಾನೆಯ ಅದೇ ಮಿಷನ್ನಿನಲ್ಲಿ ಬೀಜದ ಚಾಕೊಲೇಟೂ ಮಾಡಿರಬಹುದು. ಹೊದಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ 'ಇರಬಹುದು' ಅಂತ ಬರೆದಿರುತ್ತಾರಲ್ಲ, ಆ ಸಾಲೇ ಮುಖ್ಯ. ಹೋದ ಸಲ ಓದಿದ್ದೆ ಅಂತ ಈ ಸಲ ಬಿಡಬೇಡ, ಅದೇ ಹೆಸರಿನ ತಿಂಡಿಯ ಸಾಮಗ್ರಿ ಬದಲಾಗಿರಬಹುದು. ದೊಡ್ಡ ಪ್ಯಾಕೆಟ್ಟಿನಲ್ಲಿ ಎಷ್ಟೋ ಸಲ ಸಾಮಗ್ರಿಯ ಪಟ್ಟಿ ಹೊರಗಿನ ಚೀಲದ ಮೇಲೆ ಮಾತ್ರ ಇರುತ್ತೆ, ಒಳಗಿನ ಸಣ್ಣ ತುಂಡುಗಳ ಮೇಲೆ ಏನೂ ಇರೋದಿಲ್ಲ. ಆ ಹೊರ ಚೀಲವನ್ನು ಬಿಸಾಡದೆ ಶೋಗೆ ತೆಗೆದುಕೊಂಡು ಹೋಗು. ಯಾವ ತಾಯಿ ಕೇಳಿದರೂ ತೋರಿಸೋದಕ್ಕೆ ಬರುತ್ತೆ.

ಶೋ ಒಪ್ಪಿಕೊಂಡ ದಿನವೇ ಕರೆಸಿದವರಿಗೆ ಫೋನ್ ಮಾಡಿ ಕೇಳಬೇಕು. 'ಯಾರಿಗಾದರೂ ಅಲರ್ಜಿ ಇದೆಯಾ' ಅಂತ ಸುಮ್ನೆ ಕೇಳಿದರೆ 'ಇಲ್ಲ ಇಲ್ಲ' ಅಂತಾರೆ. ಅವರ ಮಗುವಿನದು ಅವರಿಗೆ ಗೊತ್ತು, ಬರುವ ಉಳಿದ ಮಕ್ಕಳದು ಗೊತ್ತಿರೋದಿಲ್ಲ. ಹೀಗೆ ಕೇಳು: 'ನಾನು ಇಂಥ ಚಾಕೊಲೇಟು ಕೊಡಬೇಕು ಅಂತಿದ್ದೇನೆ. ಅದರಲ್ಲಿರುವ ಪದಾರ್ಥಗಳ ಫೋಟೋ ಕಳಿಸುತ್ತೇನೆ. ಬರುವ ಎಲ್ಲ ಮಕ್ಕಳ ಮನೆಗೂ ಕಳಿಸಿ ಕೇಳುತ್ತೀರಾ?' ಪ್ರಾಣಿಗಳಿಂದ ಮಾಡುವ ಜೆಲಟಿನ್ ತಿನ್ನದ ಮನೆಗಳಿರುತ್ತವೆ. ಗೋಧಿ ಆಗದ ಮಕ್ಕಳಿರುತ್ತಾರೆ. ಡಯಾಬಿಟಿಸ್ ಇರುವ ಮಗುವಾದರೆ ಎಷ್ಟು ತಿಂದಿತು ಅಂತ ಲೆಕ್ಕ ಇಟ್ಟು ಇನ್ಸುಲಿನ್ ಕೊಡುತ್ತಿರುತ್ತಾರೆ. ಫೋಟೋ ನೋಡಿದರೆ ಎಲ್ಲರಿಗೂ ಅವರವರ ಉತ್ತರ ಸಿಗುತ್ತೆ.

ಒಂದು ಮಗುವಿಗೆ ಆಗೋದಿಲ್ಲ ಅಂತ ಗೊತ್ತಾಯಿತು ಅಂತಿಟ್ಟುಕೋ. ಆ ಮಗುವಿಗೆ ಬೇರೆ ತಿಂಡಿ ತಂದು, ಎಲ್ಲರ ಮುಂದೆ 'ನಿನಗೆ ಇದು' ಅಂತ ಕೊಡಬೇಡ. ಅದಕ್ಕೆ ಆಗುವ ತಿಂಡಿಯನ್ನೇ ಎಲ್ಲರಿಗೂ ತಾ. ಬೇರೆ ಮಕ್ಕಳಿಗೆ ಏನೂ ನಷ್ಟವಿಲ್ಲ, ಆ ಒಂದು ಮಗುವಿಗೆ ಅವತ್ತು ಎಲ್ಲರ ಜೊತೆ ಕೈ ಚಾಚುವ ಅವಕಾಶ ಸಿಗುತ್ತೆ. ನನ್ನ ಮಟ್ಟಿಗೆ ಅದು ಪಾತ್ರೆಯಿಂದ ಚಾಕೊಲೇಟು ಬರೋದಕ್ಕಿಂತ ದೊಡ್ಡ ಜಾದೂ.

ನಿನ್ನ ಕೈ ಬಗ್ಗೆ ಒಂದು ಮಾತು. ಶೋಗೆ ಮೊದಲು ಕಡಲೆಕಾಯಿ ತಿಂದು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಆಗೋದಿಲ್ಲ. ಅದು ರೋಗಾಣು ಸಾಯಿಸುತ್ತೆ, ಕಡಲೆಕಾಯಿಯ ಅಂಶವನ್ನು ತೆಗೆಯೋದಿಲ್ಲ. ಸೋಪು ನೀರಿನಲ್ಲೇ ತೊಳೆಯಬೇಕು.

ಈಗ ಪಾತ್ರೆಗೆ ಬರೋಣ. ನಿನ್ನ ಡವ್ ಪ್ಯಾನ್ ನನ್ನ ಹಳೆಯ ಪೆಟ್ಟಿಗೆಯಿಂದ ಬಂದದ್ದಲ್ವಾ? ಅದರಲ್ಲಿ ಪಾರಿವಾಳ ಕೂತಿದೆ, ಬೆಂಕಿ ಉರಿದಿದೆ, ಕಾನ್ಫೆಟ್ಟಿ, ಮಿನುಗು ಪುಡಿ ಎಲ್ಲ ಬಿದ್ದಿದೆ. ಅದನ್ನು ತಿಂಡಿಗೆ ಬಳಸಬೇಡ. ತಿಂಡಿಗೆ ಅಂತಲೇ ಹೊಸ ಪಾತ್ರೆ ತಗೋ, ಅದರೊಳಗೆ ಬೇರೆ ಏನನ್ನೂ ಇಡಬೇಡ. ಹಕ್ಕಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು. ಅದು ಕಣ್ಣಿಗೆ ಕಾಣದಷ್ಟು ಸಾಕು, ಹೊಟ್ಟೆ ಕೆಡಿಸೋದಕ್ಕೆ.

ಹೊಸ ಪಾತ್ರೆ ಬಂದ ಮೇಲೆ ಬಿಸಿಲಿಗೆ ಹಿಡಿದು ಒಳಗಡೆ ನೋಡು. ಮುಚ್ಚಳದ ಒಳಗೆ ತಿಂಡಿ ಕೂರುವ ಜಾಗ ಇದೆಯಲ್ಲ, ಅದರ ಅಂಚಿನ ಮಡಿಕೆಯಲ್ಲಿ ಬೆರಳು ಆಡಿಸು. ಬೆರಳಿಗೆ ಕಪ್ಪು ಮಸಿ ಹತ್ತುತ್ತೆ. ಅದು ಪಾಲಿಶ್ ಮಾಡಿದಾಗ ಉಳಿದ ಎಣ್ಣೆ, ಲೋಹದ ಪುಡಿ. ಬಿಸಿನೀರು, ಸೋಪು, ಹಳೆಯ ಟೂತ್‌ಬ್ರಷ್ ಹಾಕಿ ಆ ಮಡಿಕೆ ಉಜ್ಜು. ಒಣಗಿಸು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯಬೇಕು. ಆಮೇಲೂ ತಿಂಡಿ ಲೋಹಕ್ಕೆ ತಾಗಬಾರದು, ಬೇಕಿಂಗ್ ಕಾಗದ ಹಾಸು. ಒಳಗೆ ಬಣ್ಣ ಬಳಿದ ಹಳೆಯ ಜಾದೂ ಪೆಟ್ಟಿಗೆಗಳಲ್ಲಿ ಬಿಚ್ಚಿದ ತಿಂಡಿ ಇಡಲೇಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೂ ಒಳಗೆ ಹೋಗಬೇಕಾದದ್ದು ಕಂಪನಿಯೇ ಸೀಲ್ ಮಾಡಿದ ಪುಟ್ಟ ಪ್ಯಾಕೆಟ್ಟುಗಳು ಮಾತ್ರ.

ಬೆಂಕಿ ಹೊತ್ತಿಸಿ ಮುಚ್ಚಿ ಚಾಕೊಲೇಟು ತೆಗೆಯುವ ರೂಢಿ ಇದೆ, ನೋಡೋದಕ್ಕೆ ಚೆಂದ. ಮಕ್ಕಳ ಶೋನಲ್ಲಿ ಬೇಡ. ಮೊದಲ ಸಾಲಿನ ಮಗುವಿನ ಕೂದಲಿಗೂ ನಿನ್ನ ಪಾತ್ರೆಗೂ ಎಷ್ಟು ದೂರ ಅಂತ ಶೋ ನಡೆಯುವಾಗ ನಿನ್ನ ಕೈಯಲ್ಲಿರೋದಿಲ್ಲ. ಲೈಟರ್ ದ್ರವದ ವಾಸನೆ ಚಾಕೊಲೇಟಿಗೆ ಹತ್ತುತ್ತೆ, ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತೆ. ಭಗ್ಗೆಂದು ಉರಿದು ಮಾಯವಾಗುವ ಫ್ಲಾಶ್ ಪೇಪರ್ ಅಂದರೆ ನೈಟ್ರೋಸೆಲ್ಯುಲೋಸ್ ಅನ್ನೋ ರಾಸಾಯನಿಕ. ತಿನ್ನುವ ವಸ್ತುವಿನ ಹತ್ತಿರ ಅದಕ್ಕೇನು ಕೆಲಸ?

ಬೆಂಕಿ ಬದಲು 'ಅಡುಗೆ' ಮಾಡಿಸು. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ. ಆದರೆ ನಿಜವಾದ ಹಿಟ್ಟು, ನಿಜವಾದ ಮೊಟ್ಟೆ ಬಳಸಬೇಡ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು ಅಂತ ಎಲ್ಲರಿಗೂ ಗೊತ್ತು, ಹಸಿ ಹಿಟ್ಟಿನಲ್ಲೂ ಇ. ಕೋಲಿ ಅನ್ನೋ ರೋಗಾಣು ಇರಬಹುದು ಅಂತ ಅಷ್ಟು ಜನಕ್ಕೆ ಗೊತ್ತಿಲ್ಲ. ಸಹಾಯಕ್ಕೆ ಬಂದ ಮಗು ಹಿಟ್ಟು ಮುಟ್ಟುತ್ತೆ, ಬೆರಳು ನೆಕ್ಕುತ್ತೆ, ಮುಗಿಯಿತು. ಬಿಳಿ ಕಾಗದದ ಚೂರು ಹಿಟ್ಟಾಗಲಿ, ಹಳದಿ ರೇಷ್ಮೆ ಕರವಸ್ತ್ರ ಮೊಟ್ಟೆಯಾಗಲಿ. ಆ ಕರವಸ್ತ್ರವನ್ನು ಮುಷ್ಟಿಯಿಂದ ಜಾರಿಸಿ 'ಅಯ್ಯೋ, ಲೋಳೆ ಅಂಗಿಗೆ ಬಿತ್ತು' ಅಂತ ಒರೆಸಿಕೋ. ನಿಜವಾದ ಮೊಟ್ಟೆಗೆ ಇಷ್ಟು ನಗು ಬರೋದಿಲ್ಲ. ಚಮಚದಲ್ಲಿ ಕಲಕುವ ಕೆಲಸ ಮಗುವಿಗೆ ಕೊಡು. ಒಳಗುಟ್ಟು ನಿನಗೆ ಗೊತ್ತಿರೋದೇ, ಇಲ್ಲಿ ಬರೆಯೋದಿಲ್ಲ. ಪತ್ರ ಯಾರ ಕೈಗೆ ಸಿಗುತ್ತೋ!

ಸ್ಲಶ್ ಪೌಡರ್ ಬಗ್ಗೆ ಬೇರೆಯಾಗಿಯೇ ಎಚ್ಚರಿಸಬೇಕು. ಲೋಟಕ್ಕೆ ನೀರು ಹಾಕಿ ಮಾಯ ಮಾಡೋದಕ್ಕೆ ಬಳಸುತ್ತೇವಲ್ಲ, ಅದು ತನ್ನ ತೂಕದ ನೂರಾರು ಪಟ್ಟು ನೀರು ಕುಡಿದು ಉಬ್ಬುತ್ತೆ. ನೋಡೋದಕ್ಕೆ ಸಕ್ಕರೆಯ ಹಾಗೇ ಇರುತ್ತೆ. ನೀರು ಮಾಯವಾದ ಅದೇ ಲೋಟದಿಂದ ಚಾಕೊಲೇಟು ತೆಗೆದರೆ ಐಟಂ ಚೆನ್ನಾಗಿ ಕೂಡಿಕೊಳ್ಳುತ್ತೆ ಅಂತ ಯಾವತ್ತಾದರೂ ನಿನಗೆ ಹೊಳೆಯುತ್ತೆ. ಹೊಳೆದಾಗ ಈ ಪತ್ರ ನೆನಪಿಸಿಕೋ. ಆ ಲೋಟ ಒಂದು ಕಡೆ, ತಿಂಡಿ ಇನ್ನೊಂದು ಕಡೆ. ಪುಡಿಯ ಡಬ್ಬಿಗೆ ಹೆಸರು ಬರೆದು ಅಂಟಿಸು.

ತಿಂಡಿಯ ಐಟಂ ಇಟ್ಟುಕೊಂಡ ದಿನ ಇನ್ನೊಂದು ತೊಡಕು ಬರುತ್ತೆ. ಪಾತ್ರೆಯಿಂದ ಬಂದದ್ದು ತಿನ್ನುವಂಥದ್ದು ಅಂತ ಒಮ್ಮೆ ತಿಳಿದ ಮೇಲೆ ಚಿಕ್ಕ ಮಕ್ಕಳಿಗೆ ನಿನ್ನ ಮೇಜಿನ ಮೇಲಿರುವ ಎಲ್ಲವೂ ತಿಂಡಿಯೇ. ಕೆಂಪು ಸ್ಪಂಜ್ ಬಾಲು ಯಾವ ಮಿಠಾಯಿಗೆ ಕಡಿಮೆ? ಹೆಬ್ಬೆರಳಿಗೆ ತೊಡುವ ನಕಲಿ ತುದಿ, ದೀಪ ಹತ್ತುವ ಥಂಬ್ ಟಿಪ್, ಅದರೊಳಗೆ ಬಟನ್ ಸೆಲ್ ಅನ್ನೋ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತೆ. ಅದನ್ನು ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಹಾಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟುಹೋಗಬಹುದು. ಜಾದೂ ಸಾಮಾನಿನೊಳಗೆ ಅಡಗಿಸಿಟ್ಟ ಪುಟ್ಟ ಆಯಸ್ಕಾಂತ ಎರಡು ಹೊಟ್ಟೆಗೆ ಹೋದರೆ ಕರುಳಿನ ಎರಡು ಮಡಿಕೆಯ ಆಚೆ ಈಚೆ ಕಚ್ಚಿಕೊಂಡು ಅಲ್ಲೇ ತೂತು ಮಾಡುತ್ತವೆ. ಈ ಎರಡರಲ್ಲಿ ಯಾವುದು ನುಂಗಿದ ಅನುಮಾನ ಬಂದರೂ ನೋಡೋಣ ಅಂತ ಕಾಯೋದಿಲ್ಲ, ನೇರ ಆಸ್ಪತ್ರೆಗೆ. ಶೋ ಶುರುವಾಗೋದಕ್ಕೆ ಮೊದಲು ಎಷ್ಟಿದ್ದವು ಅಂತ ಎಣಿಸು, ಮುಗಿದ ಮೇಲೆ ಎಣಿಸು. ಪ್ರತಿ ಐಟಂ ಮುಗಿದ ತಕ್ಷಣ ಸಾಮಾನು ಮುಚ್ಚುವ ಪೆಟ್ಟಿಗೆಗೆ ಹಾಕು. ಸ್ಕ್ರೂ ಇಲ್ಲದ, ಉಗುರಲ್ಲೇ ತೆರೆಯುವ ಸೆಲ್ ಮುಚ್ಚಳ ಇರುವ ಸಾಮಾನನ್ನು ಮಕ್ಕಳ ಶೋಗೆ ತರಲೇಬೇಡ.

ಹಾಗಾದರೆ ತಿಂಡಿಯ ಗೊಡವೆಯೇ ಬೇಡ, ಬಲೂನು ಕೊಡುತ್ತೇನೆ ಅಂದೀಯ. ಬಲೂನು ಇನ್ನೂ ಕಷ್ಟ ಕಣಪ್ಪಾ. ಊದದ ಬಲೂನು, ಒಡೆದ ಚೂರು ಗಂಟಲಿಗೆ ಅಂಟಿಕೊಂಡರೆ ತೆಗೆಯೋದು ಬಲು ಕಷ್ಟ. ಎಂಟು ವರ್ಷದೊಳಗಿನವರಿಗೆ ಅಪಾಯ ಅಂತ ಎಷ್ಟೋ ಪ್ಯಾಕೆಟ್ಟಿನ ಮೇಲೇ ಬರೆದಿರುತ್ತೆ. ಲೇಟೆಕ್ಸ್ ಅಲರ್ಜಿಯವರು ಬೇರೆ. ತಿಂಡಿ ಬೇಡವಾದರೆ ಸ್ಟಿಕ್ಕರ್ ಹಾಳೆ ಕೊಡು, ಬಣ್ಣ ತುಂಬುವ ಚಿತ್ರದ ಹಾಳೆ ಕೊಡು. ಸುರುಳಿ ಸುತ್ತಿ ರಿಬ್ಬನ್ ಕಟ್ಟಿದರೆ ಪಾತ್ರೆಯಲ್ಲಿ ಚಾಕೊಲೇಟಿಗಿಂತ ಚೆನ್ನಾಗಿ ತುಂಬಿಕೊಳ್ಳುತ್ತೆ.

ಡ್ರೈ ಐಸ್ ಹೊಗೆ ಬೇಡ. ಮೈನಸ್ 78 ಡಿಗ್ರಿಯ ವಸ್ತು ಅದು, ಮುಟ್ಟಿದರೆ ಚರ್ಮ ಸುಡುತ್ತೆ, ಮುಚ್ಚಿದ ಪಾತ್ರೆಯಲ್ಲಿಟ್ಟರೆ ಸಿಡಿಯುತ್ತೆ. ನಮ್ಮ ಪಾತ್ರೆಗೆ ಮುಚ್ಚಳ ಇರೋದೇ ಕೆಲಸ!

ಕೋಟಿನೊಳಗೆ ಇಟ್ಟುಕೊಂಡು ತೆಗೆಯುವ ತಿಂಡಿಗೆ ಚಾಕೊಲೇಟು ಆಗೋದಿಲ್ಲ. ಕೋಕೋ ಬೆಣ್ಣೆ ಕರಗೋದು ಸುಮಾರು 34 ಡಿಗ್ರಿಗೆ, ನಿನ್ನ ಮೈ 37. ಉಳಿದದ್ದು ನೀನೇ ಲೆಕ್ಕ ಹಾಕಿಕೋ. ಒಣ ಬಿಸ್ಕತ್ತಿನ ಸಣ್ಣ ಪ್ಯಾಕೆಟ್ಟು ಅದಕ್ಕೆ ವಾಸಿ. ಕ್ರೀಂ ಕೇಕು ತೆಗೆಯುವ ಆಸೆ ಇದ್ದರೆ ಪಾತ್ರೆಯಿಂದ ಬರೋದು ತೋರಿಸುವ ಕೇಕಾಗಲಿ, ತಿನ್ನೋದು ಫ್ರಿಜ್ಜಿನಲ್ಲಿರಲಿ. ಕ್ರೀಮಿನ ತಿಂಡಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆಯಿದ್ದರೆ ಒಂದೇ ಗಂಟೆ. ನೀನು ಶೋಗೆ ಮೊದಲೇ ಲೋಡ್ ಮಾಡಿ ಕೂತರೆ ಆ ಹೊತ್ತು ಅಲ್ಲೇ ಮುಗಿದಿರುತ್ತೆ.

ಕಿವಿಯ ಹಿಂದಿನಿಂದ, ಮೂಗಿನಿಂದ ಮಿಠಾಯಿ ತೆಗೆಯುವ ಐಟಂ ಬಿಟ್ಟುಬಿಡು. ಕೇಳದೆ ಮಗುವಿನ ಮುಖ ಮುಟ್ಟೋದೇ ಸರಿಯಲ್ಲ. ಜೊತೆಗೆ, ಮಣಿಯನ್ನೋ ಕಾಳನ್ನೋ ಕಿವಿಗೆ, ಮೂಗಿಗೆ ತುರುಕಿಕೊಳ್ಳುವ ಬುದ್ಧಿ ಆ ವಯಸ್ಸಿಗೆ ಮೊದಲೇ ಇರುತ್ತೆ. ಅಲ್ಲಿಂದ ಒಳ್ಳೊಳ್ಳೆ ಸಾಮಾನು ಬರುತ್ತೆ ಅಂತ ನಾವು ಬೇರೆ ತೋರಿಸಿಕೊಡೋದು ಬೇಡ. ಏನನ್ನಾದರೂ ನುಂಗಿದ ಹಾಗೆ ತೋರಿಸುವ ಐಟಂಗಳಿಗೂ ಇದೇ ಮಾತು. ದೊಡ್ಡವರ ಶೋಗೆ ಇಟ್ಟುಕೋ.

ಕೊಡುವ ರೀತಿಗೆ ಬರೋಣ. ಒಂದು ಶೋನಲ್ಲಿ ನಾನು ಪ್ರೇಕ್ಷಕರ ನಡುವೆ ಕೂತಿದ್ದೆ. ಜಾದೂಗಾರರು ಕೊನೆಗೆ ಮುಷ್ಟಿ ಮುಷ್ಟಿ ಮಿಠಾಯಿ ಎರಚಿದರು. ಒಂದೇ ಉಸಿರಿಗೆ ಎಲ್ಲ ಮಕ್ಕಳೂ ನೆಲಕ್ಕೆ. ದೊಡ್ಡ ಹುಡುಗರು ಜೇಬು ತುಂಬಿಕೊಂಡರು, ಒಬ್ಬಳ ಬೆರಳು ಇನ್ನೊಬ್ಬನ ಶೂ ಕೆಳಗೆ ಸಿಕ್ಕಿತು, ತೀರ ಚಿಕ್ಕವರು ಕೈಗೆ ಸಿಕ್ಕಿದ್ದನ್ನು ಹೊದಿಕೆ ಸಮೇತ ಬಾಯಿಗೆ ಹಾಕಿಕೊಂಡರು. ಯಾರ ಬಾಯಲ್ಲಿ ಏನಿದೆ ಅಂತ ಯಾವ ತಾಯಿಗೂ ತಿಳಿಯಲಿಲ್ಲ. ವೇದಿಕೆಯ ಮೇಲಿಂದ ಅದು ಸಂಭ್ರಮದ ಹಾಗೆ ಕಂಡಿರಬಹುದು, ನಾನು ಕೂತಲ್ಲಿಂದ ಹಾಗೆ ಕಾಣಲಿಲ್ಲ. ಎರಚಬೇಡ, ಮಕ್ಕಳನ್ನು ವೇದಿಕೆಗೆ ನುಗ್ಗಿಸಬೇಡ.

ಇಲ್ಲೇ ನಿನ್ನ ಪ್ರಶ್ನೆಗೂ ಉತ್ತರ ಇದೆ. ಪಾತ್ರೆಯಲ್ಲಿ ಎಲ್ಲ ಮಕ್ಕಳಿಗೂ ಆಗುವಷ್ಟು ಹಿಡಿಸುವ ಅಗತ್ಯವೇ ಇಲ್ಲ. ತಳಕ್ಕೆ ಹೊಸ ಟಿಶ್ಯೂ ಕಾಗದ ಸಡಿಲವಾಗಿ ಸುಕ್ಕುಗಟ್ಟಿಸಿ ಇಡು, ಮೇಲೆ ಒಂದು ಪದರ ಪ್ಯಾಕೆಟ್ಟು. ಮುಚ್ಚಳ ಎತ್ತಿದಾಗ ಕಾಗದ ಪುಟಿದು ತುಂಬಿ ತುಳುಕಿದ ಹಾಗೆ ಕಾಣುತ್ತೆ. ಒತ್ತಿ ಒತ್ತಿ ತುಂಬಿದರೆ ಮುಚ್ಚಳವೇ ಸಿಕ್ಕಿಕೊಂಡು ನಿನ್ನ ಮರ್ಯಾದೆ ಹೋಗುತ್ತೆ. ಉಳಿದ ಪ್ಯಾಕೆಟ್ಟು ಮೊದಲೇ ಎಣಿಸಿ, ಒಂದು ಬುಟ್ಟಿಯಲ್ಲಿಟ್ಟು ಕರೆಸಿದವರ ಹತ್ತಿರ ಕೊಟ್ಟಿರು. ಮಕ್ಕಳು ಹೊರಡುವಾಗ ಬಾಗಿಲಲ್ಲಿ ನಿಂತು ದೊಡ್ಡವರ ಕೈಗೆ ಅವರೇ ಕೊಡಲಿ. ನೀನು ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಿರು, ಫೋಟೋಗೂ ಆಯಿತು.

ಅಲ್ಲೇ ತಿನ್ನಲು ಕೊಡದಿದ್ದರೆ ಮಕ್ಕಳಿಗೆ ಬೇಜಾರಾಗುತ್ತೆ ಅಂತೀಯ. ಅದಕ್ಕೆ ಮಾತು ಕಟ್ಟಬೇಕು, ನಾವಿರೋದೇ ಅದಕ್ಕೆ. 'ಈ ಚಾಕೊಲೇಟಿಗೆ ಅರ್ಧ ಮಂತ್ರ ಮಾತ್ರ ಹಾಕಿದ್ದೇನೆ. ಉಳಿದರ್ಧ ನಿಮ್ಮ ಮನೆಯ ದೊಡ್ಡವರಿಗೆ ಮಾತ್ರ ಗೊತ್ತು. ಅವರು ಹೂಂ ಅಂತ ಹೇಳಿದಾಗಲೇ ಇದಕ್ಕೆ ರುಚಿ ಬರೋದು.' ಹೀಗೆ ಹೇಳಿ ನೋಡು. ಪ್ಯಾಕೆಟ್ಟು ಬಿಚ್ಚದೆ ಎರಡು ಕೈಯಲ್ಲಿ ಹಿಡಿದುಕೊಂಡು ಅಮ್ಮನ ಕಡೆ ಓಡುತ್ತಾರೆ.

ತಿಂಡಿಯ ಜಾದೂ ನಮ್ಮ ಕಾಲದ್ದೇನೂ ಅಲ್ಲ. 1845ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ರಂಗಮಂದಿರ ತೆರೆದ ಫ್ರೆಂಚ್ ಜಾದೂಗಾರ ರಾಬರ್ಟ್ ಹೂಡಿನ್ ಕಿತ್ತಳೆ ಗಿಡದ ಐಟಂ ಮಾಡುತ್ತಿದ್ದರು. ಗಿಡ ಹೂ ಬಿಟ್ಟು, ಹಣ್ಣು ಬಿಟ್ಟು, ಆ ಹಣ್ಣುಗಳನ್ನು ಕಿತ್ತು ಪ್ರೇಕ್ಷಕರಿಗೆ ಕೊಡುತ್ತಿದ್ದರು. ನಿಜವಾದ ಕಿತ್ತಳೆ. ಅವರು ಯಾವ ಲೆಕ್ಕದಲ್ಲಿ ಕಿತ್ತಳೆ ಆರಿಸಿದರೋ, ನನಗೆ ಮಾತ್ರ ಅದು ಬಹಳ ಜಾಣ ಆಯ್ಕೆ ಅನ್ನಿಸುತ್ತೆ. ಸಿಪ್ಪೆಯೇ ಸೀಲು. ನೋಡಿದರೆ ಏನು ಅಂತ ಗೊತ್ತಾಗುತ್ತೆ. ಬಿಡಿಸಿ ತಿನ್ನೋದಕ್ಕೆ ಚಿಕ್ಕವರಿಗೆ ದೊಡ್ಡವರು ಬೇಕೇ ಬೇಕು. ತಿಂಡಿ ಆರಿಸುವಾಗ ಈ ಮೂರನ್ನೇ ಇಟ್ಟುಕೋ.

ಇಷ್ಟು ಮಾಡಿದ ಮೇಲೂ ಏನಾದರೂ ಆಗಬಹುದು. ಅದಕ್ಕೆ ಮೊದಲ ಶೋಗೆ ಮುಂಚೆ ಪ್ರಥಮ ಚಿಕಿತ್ಸೆಯ ತರಬೇತಿ ತಗೋ, ಗೊಂಬೆಯ ಮೇಲೆ ಕೈಯಿಟ್ಟು ಕಲಿಯುವಂಥದ್ದು. ಪತ್ರದಲ್ಲಿ ಓದಿ ಬರುವ ವಿದ್ಯೆ ಅಲ್ಲ ಅದು. ಆದರೂ ತಲೆಯಲ್ಲಿರಲಿ ಅಂತ ಬರೆಯುತ್ತೇನೆ. ಗಂಟಲಿಗೆ ಸಿಕ್ಕಿದ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡು. ದನಿಯೇ ಬರುತ್ತಿಲ್ಲ, ಉಸಿರಾಡಲು ಆಗುತ್ತಿಲ್ಲ ಅಂದರೆ ಯಾರಿಗಾದರೂ ಆಂಬುಲೆನ್ಸ್ ಕರೆಯಲು ಹೇಳಿ, ಮಗುವನ್ನು ಮುಂದಕ್ಕೆ ಬಗ್ಗಿಸಿ ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು ಒಳಗೆ ಮೇಲಕ್ಕೆ ಐದು ಸಲ ಒತ್ತು. ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಅದರ ಕ್ರಮವೇ ಬೇರೆ, ತರಬೇತಿಯಲ್ಲಿ ತೋರಿಸುತ್ತಾರೆ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡ, ಇನ್ನೂ ಒಳಗೆ ಹೋಗುತ್ತೆ. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡೋದು. ತರಬೇತಿ ಬೇಕು ಅಂದದ್ದು ಇದಕ್ಕೇ.

ಅಲರ್ಜಿಯಾದರೆ ಮೈಮೇಲೆ ದದ್ದು ಏಳುತ್ತೆ, ತುಟಿ ನಾಲಿಗೆ ಊದುತ್ತೆ, ವಾಂತಿಯಾಗುತ್ತೆ, ಉಸಿರು ಸುಯ್ ಅನ್ನುತ್ತೆ. ಉಸಿರಿಗೆ ತೊಂದರೆಯಾದರೆ ಅಥವಾ ಮಗು ಸುಸ್ತಾಗಿ ಕುಸಿದರೆ ಒಂದು ನಿಮಿಷವೂ ಕಾಯುವ ಹಾಗಿಲ್ಲ. ಅಂಥ ಮಕ್ಕಳ ಮನೆಯವರು ಅಡ್ರಿನಲಿನ್ ಇಂಜೆಕ್ಷನ್ ಪೆನ್ನು ಇಟ್ಟುಕೊಂಡಿರಬಹುದು, ತೊಡೆಯ ಹೊರಭಾಗಕ್ಕೆ ಚುಚ್ಚುವಂಥದ್ದು. ಅದು ಯಾರ ಚೀಲದಲ್ಲಿದೆ ಅಂತ ಶೋ ಶುರುವಾಗೋದಕ್ಕೆ ಮೊದಲೇ ಕೇಳಿಟ್ಟುಕೋ. ಮಗುವನ್ನು ಎಬ್ಬಿಸಿ ನಡೆಸಬಾರದು, ಮಲಗಿಸಬೇಕು. ಉಸಿರಾಡಲು ಕಷ್ಟವಾದರೆ ಕೂರಿಸಬಹುದು. ಪೆನ್ನು ಚುಚ್ಚಿ ಸರಿಹೋದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಯಾವ ತಿಂಡಿ ಅಂತ ತೀರ್ಮಾನ ಮಾಡಿದ ಮೇಲೆ ಹೊರ ಚೀಲದ ಹಿಂಭಾಗದ ಫೋಟೋ ತೆಗೆದು ನನಗೂ ಕಳಿಸು, ಸಣ್ಣ ಅಕ್ಷರವೂ ಓದುವ ಹಾಗೆ. ಪಾತ್ರೆ ಕೊಳ್ಳುವಾಗ ಮುಚ್ಚಳ ಎರಡು ಸಲ ಹಾಕಿ ತೆಗೆದು ನೋಡು. ಒಳಗಿನ ತಟ್ಟೆ ಸದ್ದು ಮಾಡಿದರೆ ತಗೋಬೇಡ. ನಿನ್ನ ಅಪ್ಪನಿಗೆ ನಾನು ಕೇಳಿದೆ ಅಂತ ಹೇಳು.

ಇತಿ,
ನಿನ್ನ ಸೋದರತ್ತೆ